ಕಾರ್ಯದ ಐದು ಅಂಗಗಳು: ಶಿವನಸಮುದ್ರದಿಂದ ಚಿನ್ನದ ಗಣಿಯವರೆಗೆ

‘ಯೋಜನೆ’ ಎಂಬುದು ಇಂದು ಬಹುವಾಗಿ ಕೈಬದಲಾಗಿ ಮುದ್ರೆ ಸವೆದ ನಾಣ್ಯದಂತಹ ಶಬ್ದ. ಗ್ರಾಮಪಂಚಾಯಿತಿಯ ಚರಂಡಿಯಿಂದ ಮೊದಲ್ಗೊಂಡು ಚಂದ್ರಲೋಕಕ್ಕೆ ಕಳುಹುವ ನೌಕೆಯವರೆಗೆ ಎಲ್ಲವೂ ಯೋಜನೆಯೇ. ಶಬ್ದದ ಮೂಲವನ್ನು ವಿಚಾರಿಸುವ ಅಭ್ಯಾಸ ಬಿಟ್ಟುಹೋಗಿರುವುದರಿಂದ ಅದರ ಅರ್ಥವೂ ನಮ್ಮ ಕೈಯಿಂದ ಜಾರಿದೆ. ಸಂಸ್ಕೃತದ ‘ಯುಜ್’ ಧಾತುವಿಗೆ ಕೂಡಿಸು, ಹೂಡು, ನೊಗಕ್ಕೆ ಕಟ್ಟು ಎಂಬ ಅರ್ಥಗಳಿವೆ. ಈ ಧಾತುವಿನಿಂದಲೇ ‘ಯೋಜನ’ ಎಂಬ ದೂರದ ಅಳತೆಯೂ ಹುಟ್ಟಿತು. ಒಮ್ಮೆ ಹೂಡಿದ ಕುದುರೆಯನ್ನೋ ಎತ್ತನ್ನೋ ಬಿಚ್ಚದೆ ಸಾಗಬಹುದಾದಷ್ಟು ದಾರಿಯೇ ಒಂದು ಯೋಜನ. ಅಷ್ಟು ದೂರ ಸಾಗಿದ ಮೇಲೆ ನೊಗವನ್ನಿಳಿಸಬೇಕು. ಮೂಕಪ್ರಾಣಿಗೆ ನೀರು ಮೇವು ತೋರಿಸಬೇಕು. ಕೀಲು ಅಚ್ಚುಗಳನ್ನು ನೋಡಬೇಕು. ಮುಂದಿನ ದಾರಿಯನ್ನು ಕೇಳಿ ತಿಳಿಯಬೇಕು. ಹೋಗುವುದು ಉಚಿತವೆಂದು ತೋರಿದರೆ ಮಾತ್ರ ಮತ್ತೆ ಹೂಡಬೇಕು. ಮಹತ್ಕಾರ್ಯಗಳ ನಿರ್ವಹಣೆಯನ್ನು ಕುರಿತು ಆಧುನಿಕರು ಬರೆದಿರುವ ಗ್ರಂಥಗಳ ತಿರುಳು ಬಹುಮಟ್ಟಿಗೆ ಈ ಒಂದು ಶಬ್ದದಲ್ಲಿ ಅಡಗಿದೆಯೆಂದು ನಾನು ಭಾವಿಸುತ್ತೇನೆ.

ಆ ಗ್ರಂಥಗಳ ಮಾತನ್ನೂ ಸಂಕ್ಷೇಪವಾಗಿ ಹೇಳಿಬಿಡುವುದು ಯುಕ್ತ. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರು ಕೆಲಸಗಳನ್ನು ಕಾಲದ ರೇಖೆಯ ಮೇಲೆ ಪಟ್ಟಿಗಳಾಗಿ ಬರೆದು ತೋರಿಸುವ ನಕ್ಷೆಯನ್ನು ಬಳಕೆಗೆ ತಂದನು. ೧೯೬೯ರಲ್ಲಿ ಆ ದೇಶದಲ್ಲಿಯೇ ಸ್ಥಾಪಿತವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯವರು ಇಂತಹ ಕಾರ್ಯಗಳನ್ನು ಆರಂಭ, ಯೋಜನೆ, ಅನುಷ್ಠಾನ, ಪರಿಶೀಲನೆ, ಮುಕ್ತಾಯ ಎಂದು ಐದಾಗಿ ವಿಭಾಗಿಸಿ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಒಂದು ಹಂತವು ಮುಗಿದ ಹೊರತು ಮತ್ತೊಂದಕ್ಕೆ ಕಾಲಿಡದಿರುವುದು, ಎರಡು ಹಂತಗಳ ನಡುವಣ ಹೊಸ್ತಿಲಿನಲ್ಲಿ ನಿಂತು ‘ಮುಂದುವರಿಯೋಣವೇ, ತಿದ್ದೋಣವೇ, ನಿಲ್ಲಿಸೋಣವೇ’ ಎಂದು ನಿರ್ಣಯಿಸುವುದು, ಇದನ್ನೇ ಈಗ ಸಾಂಪ್ರದಾಯಿಕ ಪದ್ಧತಿಯೆಂದು ಕರೆಯುವ ರೂಢಿ.

ಇದಕ್ಕೂ ಬಹು ಪೂರ್ವದಲ್ಲಿ ನಮ್ಮ ರಾಜನೀತಿಶಾಸ್ತ್ರಜ್ಞರು ‘ಪಂಚಾಂಗಮಂತ್ರ’ವೆಂಬುದನ್ನು ಹೇಳಿದ್ದರು. ಇಲ್ಲಿ ಮಂತ್ರವೆಂದರೆ ಜಪದ ಮಂತ್ರವಾಗಲಿ, ಪಂಚಾಂಗವೆಂದರೆ ತಿಥಿ ವಾರ ನಕ್ಷತ್ರಗಳ ಪುಸ್ತಕವಾಗಲಿ ಅಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳಬೇಕಾಗುತ್ತದೆ. ಮಂತ್ರವೆಂದರೆ ಆಲೋಚನೆ, ಸಮಾಲೋಚನೆ. ಮಂತ್ರಿಯೆಂಬ ಶಬ್ದವು ಹುಟ್ಟಿದ್ದು ಅದರಿಂದಲೇ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಈ ಆಲೋಚನೆಗೆ ಐದು ಅಂಗಗಳನ್ನು ಹೇಳಿದೆ. ಕಾರ್ಯವನ್ನು ಆರಂಭಿಸುವ ಉಪಾಯ ಮೊದಲನೆಯದು. ಅದಕ್ಕೆ ಬೇಕಾದ ಜನ ಮತ್ತು ದ್ರವ್ಯದ ಸಂಪತ್ತು ಎರಡನೆಯದು. ದೇಶಕಾಲಗಳ ವಿಭಾಗ, ಅಂದರೆ ಯಾವ ಕೆಲಸ ಎಲ್ಲಿ, ಯಾವಾಗ ಎಂಬ ಹಂಚಿಕೆ ಮೂರನೆಯದು. ವಿನಿಪಾತಪ್ರತೀಕಾರ, ಎಂದರೆ ಕೆಡುಕು ಒದಗಿದಲ್ಲಿ ಅದಕ್ಕೆ ಮದ್ದು ನಾಲ್ಕನೆಯದು. ಕಾರ್ಯಸಿದ್ಧಿ ಕೊನೆಯದು. 

ಈ ಗ್ರಂಥವು ನಮಗೆ ಮರಳಿ ದೊರೆತದ್ದು ಮೈಸೂರಿನಲ್ಲಿಯೇ ಎಂಬುದು ಕನ್ನಡಿಗರ ಭಾಗ್ಯ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಗಳನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನು ಮುದ್ರಿಸಿ ಪ್ರಕಟಿಸಿದರು. ಅದೇ ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆ ಬೆಳಕು ಬಂದದ್ದು ಶಿವನಸಮುದ್ರದಿಂದ; ಆದರೆ ಶಿವನಸಮುದ್ರದ ವಿದ್ಯುತ್ತು ಹುಟ್ಟಿದ್ದು ಬೆಂಗಳೂರಿಗಾಗಿ ಅಲ್ಲ, ನಮ್ಮ ಕೋಲಾರದ ಚಿನ್ನದ ಗಣಿಗಾಗಿ. ತಾಳೆಗರಿಯಲ್ಲಿದ್ದ ಐದು ಅಂಗಗಳನ್ನು ಓದದೆಯೇ, ಆ ಐದರಲ್ಲಿ ನಾಲ್ಕನ್ನಾದರೂ ಚೆನ್ನಾಗಿ ಆಚರಿಸಿ ತೋರಿಸಿದ ಕಾರ್ಯವದು. ಐದನೆಯದರ ವಿಷಯವನ್ನು ಮುಂದೆ ಹೇಳುತ್ತೇನೆ.

ಕೌಟಿಲ್ಯನ ಪಟ್ಟಿಗೂ ಆಧುನಿಕರ ಪಟ್ಟಿಗೂ ಮೇಲುನೋಟಕ್ಕೆ ಸಾಮ್ಯವಿದ್ದರೂ ಒಂದು ಮುಖ್ಯವಾದ ಅಂತರವನ್ನು ಗಮನಿಸಬೇಕು. ಆಧುನಿಕರ ಐದು ಒಂದರ ಬಳಿಕ ಒಂದಾಗಿ ಬರುವ ಹಂತಗಳು. ಕೌಟಿಲ್ಯನ ಐದಾದರೋ ಕಾರ್ಯಕ್ಕೆ ಕೈಯಿಡುವ ಮುನ್ನ, ಆಲೋಚನೆಯ ಮನೆಯಲ್ಲಿಯೇ, ಒಟ್ಟಿಗೆ ಉತ್ತರಿಸಬೇಕಾದ ಪ್ರಶ್ನೆಗಳು. ಕೆಡುಕಿಗೆ ಮದ್ದನ್ನು ಕೆಡುಕು ಬಂದ ಮೇಲೆ ಹುಡುಕತಕ್ಕದ್ದಲ್ಲ. ಸಿದ್ಧಿಯೆಂದರೆ ಏನು, ಕಾರ್ಯ ಎಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಮೊದಲ ದಿನವೇ ಬರೆದಿಡತಕ್ಕದ್ದು. ನಮ್ಮ ಪ್ರಾಂತದ ಎರಡು ದೊಡ್ಡ ಕಾರ್ಯಗಳನ್ನು ಈ ಒರೆಗಲ್ಲಿಗೆ ಉಜ್ಜಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಿಗೆ ವಿದ್ಯುತ್ತು ಏಕೆ ಬೇಕಾಯಿತೆಂಬುದು ಮೊದಲ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇಲ್ಲಿನ ಯಂತ್ರಗಳೆಲ್ಲ ಉಗಿಯಿಂದ ನಡೆಯುತ್ತಿದ್ದವು. ಕಲ್ಲನ್ನು ಕುಟ್ಟುವ ಒನಕೆಯಂತ್ರಗಳಿಗೂ, ಆಳದ ಸುರಂಗಕ್ಕೆ ಗಾಳಿಯನ್ನು ಒತ್ತುವ ಯಂತ್ರಗಳಿಗೂ ಉರಿ ಬೇಕು. ಉರಿಗೆ ಸೌದೆ ಬೇಕು, ಇಲ್ಲವೇ ಕಲ್ಲಿದ್ದಲು ಬೇಕು. ಸುತ್ತಲ ಗುಡ್ಡಗಳ ಮರಗಳು ಒಲೆಗೆ ಬಿದ್ದು ಬೋಳಾದವು. ಕಲ್ಲಿದ್ದಲು ಈ ನಾಡಿನಲ್ಲಿ ದೊರೆಯುವ ವಸ್ತುವೇ ಅಲ್ಲ. ಬಹುದೂರದಿಂದ ರೈಲಿನಲ್ಲಿ ಬರಬೇಕು. ಆಗ ಬೌರಿಂಗ್‌ಪೇಟೆಯೆಂದು ಕರೆಯಲಾಗುತ್ತಿದ್ದ ನಮ್ಮ ಬಂಗಾರಪೇಟೆಯಿಂದ ಗಣಿಗೆ ೧೮೯೪ರಲ್ಲಿ ಕವಲು ರೈಲುದಾರಿ ತೆರೆದ ಮೇಲೆ ಸಾಗಾಣಿಕೆ ಸುಲಭವಾಯಿತೇ ವಿನಾ ಇಂಧನದ ವೆಚ್ಚವು ನೀಗಲಿಲ್ಲ. (ಬೌರಿಂಗ್ ಸಾಹೇಬನ ಹೆಸರಿನ ಪೇಟೆಯು ಬಂಗಾರದ ಪೇಟೆಯಾದದ್ದು ನಮ್ಮ ಜನರ ನಾಲಗೆಯ ಚಮತ್ಕಾರ. ಬಂಗಾರವು ತೆಗೆಯಲ್ಪಡುವ ಊರು ಬೇರೆ, ಬಂಗಾರದ ಹೆಸರಿನ ಊರು ಬೇರೆ!)

ಇತ್ತ ಕಾವೇರಿಯು ಶಿವನಸಮುದ್ರದಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ ತನ್ನ ಬಲವನ್ನು ವ್ಯರ್ಥವಾಗಿ ಚೆಲ್ಲುತ್ತಿದ್ದಳು. ನಡುವಣ ದಾರಿ ೯೨ ಮೈಲಿ. ಯೋಜನದ ಪ್ರಮಾಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರಾದರೂ ಸುಮಾರು ಹತ್ತು ಹನ್ನೆರಡು ಯೋಜನವೆನ್ನಬಹುದು. ಅಷ್ಟು ದೂರಕ್ಕೆ ವಿದ್ಯುತ್ತನ್ನು ತಂತಿಯ ಮೇಲೆ ಒಯ್ಯುವುದು ಆ ಕಾಲದಲ್ಲಿ ಪ್ರಪಂಚದಲ್ಲಿಯೇ ಅಪರೂಪ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಈ ಸಲಹೆಯನ್ನು ಕೈಗೆತ್ತಿಕೊಂಡರು; ಅದನ್ನು ಸಿದ್ಧಪಡಿಸಿದವನು ಮೈಸೂರಿನ ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಎ. ಜೆ. ಡಿ ಲಾಟ್‌ಬಿನಿಯರ್. ಈತ ಮುಂದೆ ಕಾಶ್ಮೀರದಲ್ಲಿ ಝೀಲಂ ನದಿಯ ಮೊಹರಾ ವಿದ್ಯುದಾಗಾರವನ್ನು ಕಟ್ಟಿದವನು.

ಇಲ್ಲಿ ಅನುಸರಿಸಿದ ಕ್ರಮವನ್ನು ನಿಧಾನವಾಗಿ ನೋಡಬೇಕು. ಸಂಕಲ್ಪವಾದೊಡನೆ ಶಂಕುಸ್ಥಾಪನೆಯಾಗಲಿಲ್ಲ. ೧೮೯೯ರಲ್ಲಿ ಡಿ ಲಾಟ್‌ಬಿನಿಯರನನ್ನು ಯೂರೋಪು ಅಮೆರಿಕಗಳಿಗೆ ಕಳುಹಿ, ಇಂತಹ ಕೆಲಸ ಎಲ್ಲಿ ನಡೆದಿದೆ, ಹೇಗೆ ನಡೆದಿದೆ, ಯಂತ್ರಗಳನ್ನು ಯಾರು ಮಾಡಬಲ್ಲರು, ಬೆಲೆಯೇನು ಎಂಬುದನ್ನು ಕಣ್ಣಾರೆ ಕಂಡುಬರುವಂತೆ ಮಾಡಿದರು. ಕಂಡುಬಂದ ಮೇಲೂ ಮೊದಲು ನಡೆದದ್ದು ಒಪ್ಪಂದ. ಕಾವೇರಿಯು ಮುಂದೆ ಮದರಾಸು ಆಧಿಪತ್ಯಕ್ಕೆ ಹರಿಯುವವಳಾದ್ದರಿಂದ ಆ ಸರ್ಕಾರದ ಸಮ್ಮತಿ ಬೇಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಉತ್ಪತ್ತಿಯಾದ ಶಕ್ತಿಯನ್ನು ಕೊಳ್ಳುವವರು ಯಾರೆಂಬುದು ನಿಶ್ಚಯವಾಗಬೇಕಾಗಿತ್ತು. ಗಣಿ ಕಂಪೆನಿಗಳು ೪,೦೦೦ ಅಶ್ವಶಕ್ತಿಯನ್ನು ಹತ್ತು ವರ್ಷಗಳ ಕಾಲ ಕೊಳ್ಳುವುದಾಗಿ ಕರಾರಾಯಿತು. ದರವು ಮೊದಲ ವರ್ಷ ಹೆಚ್ಚಾಗಿಯೂ ತರುವಾಯದ ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆಯೂ ಇದ್ದಿತು. ಇದರ ಜಾಣ್ಮೆಯನ್ನು ಗಮನಿಸಿ. ಬಂಡವಾಳದ ಹೊರೆ ಅತ್ಯಧಿಕವಾಗಿರುವ ಮೊದಲ ಕಾಲದಲ್ಲಿ ಸರ್ಕಾರಕ್ಕೆ ಹಣ ಬರುತ್ತದೆ. ಹೊಸ ಶಕ್ತಿಯನ್ನು ನಂಬಿ ಉಗಿಯಂತ್ರವನ್ನು ಬಿಟ್ಟ ಗಣಿಗಾರನಿಗೆ ಕಾಲಕ್ರಮದಲ್ಲಿ ಲಾಭ ದೊರೆಯುತ್ತದೆ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಹೊಲಿಸುವ ಜಾತಿಯ ಕಾರ್ಯ ಇದಾಗಿರಲಿಲ್ಲ.

ದ್ರವ್ಯದ ಸಂಪತ್ತು ಹೀಗೆ ನಿಶ್ಚಯವಾಯಿತು. ಜನದ ಸಂಪತ್ತಿಗೆ ಬಂದರೆ, ಇಲ್ಲಿ ದೊರೆಯದ ವಿದ್ಯೆಯನ್ನು ಹೊರಗಿನಿಂದ ತರಲು ಸಂಕೋಚಪಡಲಿಲ್ಲ. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯಿಂದಲೂ ಬಂದವು. ದೇಶಕಾಲವಿಭಾಗವೆಂಬ ಮೂರನೆಯ ಅಂಗದ ಕಷ್ಟವು ಕಾಗದದ ಮೇಲೆ ಕಾಣುವುದಿಲ್ಲ, ದಾರಿಯಲ್ಲಿ ಕಾಣುತ್ತದೆ. ಹಡಗಿನಲ್ಲಿ ಸಾಗರ ದಾಟಿದ ಯಂತ್ರ ರೈಲಿನಲ್ಲಿ ಮದ್ದೂರಿನವರೆಗೆ ಬರಬಹುದು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ ಮತ್ತು ಆನೆ. ಇಪ್ಪತ್ತನೆಯ ಶತಮಾನದ ಶಕ್ತಿಯು ಎತ್ತಿನ ಹೆಗಲ ಮೇಲೆಯೇ ಶಿವನಸಮುದ್ರಕ್ಕೆ ತಲುಪಿತು. ಯೋಜನೆ ಎಂಬ ಶಬ್ದವು ತನ್ನ ಧಾತ್ವರ್ಥವನ್ನು ಇಷ್ಟು ಚೆನ್ನಾಗಿ ಉಳಿಸಿಕೊಂಡ ಸಂದರ್ಭ ಮತ್ತೊಂದಿಲ್ಲ.

ಈ ಕಾರ್ಯದ ಇನ್ನೊಂದು ಲಕ್ಷಣವನ್ನು ಇತಿಹಾಸಕಾರರು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿ ಅಧಿಕಾರದಿಂದ ನಿವೃತ್ತರಾಗಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ದಿವಾನಗಿರಿ ಪಿ. ಎನ್. ಕೃಷ್ಣಮೂರ್ತಿಯವರಿಗೆ ಬಂದಿತು. ಮಹಾರಾಜರು ಇನ್ನೂ ಅಪ್ರಾಪ್ತವಯಸ್ಕರು; ರಾಜ್ಯಭಾರವು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿದ್ದಿತು. ೧೯೦೨ರ ಜೂನ್ ೩೦ರಂದು ೩೦ ಸಾವಿರ ವೋಲ್ಟಿಗೆ ಕಡಮೆಯಿಲ್ಲದ ಒತ್ತಡದಲ್ಲಿ ಶಿವನಸಮುದ್ರದ ಶಕ್ತಿಯು ಗಣಿಯನ್ನು ತಲುಪಿತು. ಆಗಸ್ಟ್ ೮ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಪೂರ್ಣಾಧಿಕಾರವನ್ನು ವಹಿಸಿಕೊಂಡರು. ಸಂಕಲ್ಪಿಸಿದವರು ಫಲವನ್ನು ಕಾಣಲಿಲ್ಲ. ಫಲ ಬಂದಾಗ ದಿವಾನರು ಬೇರೆ. ರಾಜ್ಯಾಧಿಕಾರವೂ ಕೈಬದಲಾಯಿಸುವ ಸಂಧಿಕಾಲ. ಆದರೂ ಕೆಲಸ ನಿಲ್ಲಲಿಲ್ಲ. ನಿರ್ಣಯಗಳು ವ್ಯಕ್ತಿಯ ಮನಸ್ಸಿನಲ್ಲಿರದೆ ಕರಾರಿನಲ್ಲಿ, ನಕ್ಷೆಯಲ್ಲಿ, ಅಂದಾಜುಪಟ್ಟಿಯಲ್ಲಿ ಇದ್ದುದೇ ಅದಕ್ಕೆ ಕಾರಣ. ಸಂಸ್ಥೆಗಳನ್ನು ನಡೆಸುವವರು, ವಿಶೇಷವಾಗಿ ಒಬ್ಬ ಮಹನೀಯರ ಪ್ರಭಾವದಿಂದಲೇ ಎಲ್ಲವೂ ಸಾಗುತ್ತಿರುವ ಸಂಸ್ಥೆಗಳವರು, ಇದನ್ನು ಎರಡು ಬಾರಿ ಓದಬೇಕೆಂದು ಪ್ರಾರ್ಥನೆ.

ಇನ್ನು ವಿನಿಪಾತಪ್ರತೀಕಾರ. ಕಾವೇರಿಯು ಆಷಾಢದಲ್ಲಿ ಒಂದು ನದಿ, ಚೈತ್ರದಲ್ಲಿ ಮತ್ತೊಂದು ನದಿ. ಬೇಸಗೆಯಲ್ಲಿ ಹರಿವು ಕುಗ್ಗಿದಾಗ ಗಣಿಗಳಿಗೆ ಮಾತುಕೊಟ್ಟಷ್ಟು ಶಕ್ತಿಯನ್ನು ಒದಗಿಸುವುದು ಹೇಗೆ? ಗಣಿಗಳ ಬೇಡಿಕೆ ಏರುತ್ತ ಹೋದಂತೆ ಈ ಪ್ರಶ್ನೆಯು ತೀವ್ರವಾಯಿತು. ಮಳೆಗಾಲದ ನೀರನ್ನು ಮೇಲ್ಗಡೆಯಲ್ಲಿ ಕೂಡಿಡುವುದೊಂದೇ ಮದ್ದು. ೧೯೦೯ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ಅಣೆಕಟ್ಟಿನ ಯೋಜನೆಯನ್ನು ಮುಂದಿಟ್ಟರು. ಗಣಿಗೆ ನಿಶ್ಚಿತವಾದ ವಿದ್ಯುತ್ತು, ಮಂಡ್ಯದ ಬಯಲಿಗೆ ನೀರು ಎಂಬ ಎರಡು ಪ್ರಯೋಜನಗಳು ಅದರಲ್ಲಿದ್ದವು. ಅಂದಾಜು ೨೫೩ ಲಕ್ಷ ರೂಪಾಯಿ. ಅಂದಿನ ಮೈಸೂರಿಗೆ ಎದೆ ನಡುಗಿಸುವ ಮೊತ್ತ. ಹಣಕಾಸಿನವರು ಹಿಂಜರಿದರು. ಹಿಂಜರಿದವರನ್ನು ಹಳಿಯುವುದು ಈಗ ವಾಡಿಕೆಯಾಗಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಬೊಕ್ಕಸವನ್ನು ಕಾಯುವವನು ‘ಬೇಡ’ವೆನ್ನದೆ ಹೋದರೆ ಆಲೋಚನೆಯೇ ನಡೆಯುವುದಿಲ್ಲ. 

ಕೌಟಿಲ್ಯನು ಈ ಸಂದರ್ಭದಲ್ಲಿ ಹೇಳಿರುವುದನ್ನು ನೆನೆಯಬೇಕು. ಒಬ್ಬನೇ ಮಂತ್ರಿಯೊಡನೆ ಆಲೋಚಿಸಿದರೆ ಅವನು ಲಗಾಮಿಲ್ಲದೆ ಮನಸ್ಸಿಗೆ ಬಂದಂತೆ ನಡೆದಾನು. ಇಬ್ಬರಾದರೆ ಕೂಡಿಕೊಂಡು ಅರಸನನ್ನು ಕಟ್ಟಿಹಾಕಿಯಾರು, ಇಲ್ಲವೇ ಜಗಳವಾಡಿ ಕೆಡಿಸಿಯಾರು. ಮೂವರೋ ನಾಲ್ವರೋ ಇದ್ದರೆ ಇಂತಹ ದೋಷ ಸುಲಭವಾಗಿ ಸಂಭವಿಸದು. ದೂರದಲ್ಲಿರುವವರ ಅಭಿಪ್ರಾಯವನ್ನು ಪತ್ರದ ಮೂಲಕ ಪಡೆಯಬೇಕು. ಆಲೋಚನೆ ಮುಗಿದ ಮೇಲೆ ಕಾರ್ಯಕಾಲವನ್ನು ಮೀರಗೊಡಬಾರದು. ಕನ್ನಂಬಾಡಿಯ ವಿಷಯದಲ್ಲಿ ವಾದ ಪ್ರತಿವಾದಗಳು ನಡೆದು, ಕೊನೆಗೆ ಮಹಾರಾಜರು ೧೯೧೧ರ ಅಕ್ಟೋಬರಿನಲ್ಲಿ ಮಂಜೂರಾತಿಯನ್ನು ನೀಡಿದರು. ನೀಡಿದ ಮೇಲೆ ತಡವಾಗಲಿಲ್ಲ, ಅದೇ ವರ್ಷ ಕೆಲಸ ಆರಂಭವಾಯಿತು.

ಆರಂಭವಾದ ಬಗೆಯೂ ಪಾಠವೇ. ಅಣೆಯ ಪೂರ್ಣ ಎತ್ತರ ೧೨೪ ಅಡಿಯೆಂದು ಮೈಸೂರಿನವರ ಉದ್ದೇಶ. ಮದರಾಸಿನವರು ತಮ್ಮ ನೀರಿಗೆ ಚ್ಯುತಿ ಬಂದೀತೆಂದು ಆಕ್ಷೇಪಿಸಿದ್ದರಿಂದ ಮೊದಲಿಗೆ ದೊರೆತ ಅನುಮತಿ ೮೦ ಅಡಿಗೆ ಮಾತ್ರ. ವಿಶ್ವೇಶ್ವರಯ್ಯನವರು ಕಾಯುತ್ತ ಕುಳಿತುಕೊಳ್ಳಲಿಲ್ಲ, ಅನುಮತಿಯನ್ನು ಮೀರಿ ಗೋಡೆಯನ್ನೆಬ್ಬಿಸಲೂ ಇಲ್ಲ. ೮೦ ಅಡಿಯ ಅಣೆಯ ಕೆಲಸವನ್ನು ಹಿಡಿದು, ಅಡಿಪಾಯವನ್ನು ಮಾತ್ರ ೧೨೪ ಅಡಿಯನ್ನು ಹೊರಬಲ್ಲಷ್ಟು ಅಗಲವಾಗಿ ಹಾಕಿದರು. ಮೊದಲ ಹಂತವು ತಾನಾಗಿಯೇ ಉಪಯೋಗಕ್ಕೆ ಬರುವಂತಿದ್ದು, ಎರಡನೆಯ ಹಂತಕ್ಕೆ ಬಾಗಿಲು ತೆರೆದಿದ್ದಿತು. ವಿವಾದವು ೧೯೧೪ರಲ್ಲಿ ಪಂಚಾಯ್ತಿಗೆ ಹೋಗಿ, ಮತ್ತೆ ಹೊಗೆಯಾಡಿ, ೧೯೨೪ರ ಒಪ್ಪಂದದಲ್ಲಿ ಅಂದಿಗೆ ಇತ್ಯರ್ಥವಾಯಿತು. ಆ ಹತ್ತು ಹದಿಮೂರು ವರ್ಷಗಳಲ್ಲಿ ಅಡಿಪಾಯವು ಯಾರೊಡನೆಯೂ ಜಗಳವಾಡದೆ ನೆಲದೊಳಗೆ ಕಾದುಕೊಂಡಿದ್ದಿತು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿದ್ದಾರೆ. ಹಂತಹಂತದ ಈ ಪದ್ಧತಿ ಹಳೆಯದಾಯಿತೆಂದೂ, ತಾವು ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಮಾಡಿ ತೋರಿಸಿ ತಿದ್ದಿಕೊಳ್ಳುವ ‘ಅಜೈಲ್’ ಎಂಬ ಪದ್ಧತಿಯನ್ನು ಅನುಸರಿಸುವುದಾಗಿಯೂ ಅವರು ಹೇಳುತ್ತಾರೆ. ಲಿಪಿಯನ್ನು ಅಳಿಸಿ ಬರೆಯಬಹುದಾದ ಕೆಲಸಕ್ಕೆ ಅದು ತಕ್ಕದ್ದೇ. ಆದರೆ ಎರಡು ಮೈಲಿ ಆಳಕ್ಕೆ ತೋಡಿದ ಗಣಿಬಾವಿಯನ್ನು ಮರುವಾರ ಬೇರೆಡೆಗೆ ಸರಿಸಲಾಗುವುದಿಲ್ಲ. ಅಳಿಸಲಾಗದ ಕೆಲಸಕ್ಕೆ ಹೊಸ್ತಿಲುಗಳು ಬೇಕು. ಶಾಲೆಯ ಕಟ್ಟಡವೂ ಅಳಿಸಲಾಗದ ಕೆಲಸವೇ. ‘ಮನೆ ಕಟ್ಟಿ ನೋಡು’ ಎಂದ ಹಿರಿಯರು ಈ ಸಂಕಟವನ್ನು ಬಲ್ಲವರು. ಗಣ್ಯರು ದೊರೆತ ದಿನವೇ ಶಂಕುಸ್ಥಾಪನೆಯಾಗಿ, ಶಿಲಾಫಲಕವೊಂದೇ ಬೆಳಗುತ್ತ, ಹಿಂದಿನ ಪಾಯದಲ್ಲಿ ಎಕ್ಕದ ಗಿಡ ಬೆಳೆದಿರುವ ಎಷ್ಟು ನಿವೇಶನಗಳನ್ನು ನಾವು ಕಂಡಿಲ್ಲ! ದಾನಿಗಳು ಕೊಠಡಿಗೆ ಹಣ ಕೊಡುವಾಗ, ಆ ಕೊಠಡಿಯಲ್ಲಿ ಪಾಠ ಹೇಳುವವರಾರು, ಹತ್ತು ವರ್ಷಗಳ ಮೇಲೆ ಅದರ ಚಾವಣಿಯನ್ನು ದುರಸ್ತಿ ಮಾಡಿಸುವವರಾರು ಎಂದು ಕೇಳಿದರೆ ಅದನ್ನು ಅನುಮಾನವೆಂದು ಭಾವಿಸಬಾರದು. ಅವರು ಐದನೆಯ ಅಂಗವನ್ನು ಕೇಳುತ್ತಿದ್ದಾರೆ.

ಆ ಐದನೆಯ ಅಂಗಕ್ಕೆ ಈಗ ಬರುತ್ತೇನೆ. ವಿದ್ಯುತ್ತಿನ ಕಾರ್ಯವನ್ನು ಬಿಟ್ಟು ಗಣಿಯ ಕಾರ್ಯವನ್ನೇ ನೋಡೋಣ. ಲೆಫ್ಟಿನೆಂಟ್ ಜಾನ್ ವಾರನ್ ಎಂಬವನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಗಡಿಯ ಮೋಜಣಿಗೆ ಬಂದಾಗ ಉರಿಗಾಂ, ಮಾರಿಕುಪ್ಪಂ ಪ್ರದೇಶದಲ್ಲಿ ಹಳ್ಳಿಗರು ಮಣ್ಣನ್ನು ತೊಳೆದು, ಹಳೆಯ ಕುಳಿಗಳ ಕಲ್ಲನ್ನು ಕುಟ್ಟಿ ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟನು. ಆ ಬರಹವನ್ನೋದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕನು ೧೮೭೩ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, ೧೮೭೫ರಲ್ಲಿ ೨೦ ವರ್ಷಗಳ ಹಕ್ಕನ್ನು ಪಡೆದನು. ಹಕ್ಕು ದೊರೆಯಿತು, ದ್ರವ್ಯವಿಲ್ಲ. ಎರಡು ವರ್ಷಗಳಲ್ಲಿ ಅದು ಪರಹಸ್ತವಾಯಿತು. ೧೮೮೦ರಿಂದ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ನಿರ್ವಹಣೆಗೆ ಬಂದಿತು. ಆದರೂ ಚಿನ್ನ ಕಾಣಲಿಲ್ಲ. ಕಂಪೆನಿಯ ಹಣ ಬತ್ತುತ್ತ ಬಂದು, ಪಾಲುದಾರರು ಮುಚ್ಚಿಬಿಡುವ ಮಾತನ್ನಾಡಿದರು. ಉಳಿದ ಹಣದಿಂದ ಇನ್ನೊಂದು ಪ್ರಯತ್ನ ಮಾಡುವುದೆಂದು ನಿರ್ಧಾರವಾಗಿ, ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿತಜ್ಞನು ಪ್ರಾಚೀನರ ಕುಳಿಗಳ ಜಾಡನ್ನೇ ಹಿಡಿದು ಆಳಕ್ಕಿಳಿದಾಗ ಚಾಂಪಿಯನ್ ಎಂದು ಹೆಸರಾದ ಪದರವು ಸಿಕ್ಕಿತು. ಇದೂ ಒಂದು ಹೊಸ್ತಿಲಿನ ನಿರ್ಣಯವೇ. ಇದರಲ್ಲಿ ಬುದ್ಧಿಯೆಷ್ಟು, ಅದೃಷ್ಟವೆಷ್ಟು ಎಂದು ವಿಂಗಡಿಸುವುದು ಕಷ್ಟ. ಫಲಿಸಿದ ಸಾಹಸವನ್ನು ದೂರದೃಷ್ಟಿಯೆಂದೂ ಫಲಿಸದ್ದನ್ನು ಮೂರ್ಖತನವೆಂದೂ ಕರೆಯುವ ಲೋಕವಿದು.

ಅಲ್ಲಿಂದ ನೂರಿಪ್ಪತ್ತು ವರ್ಷ ಗಣಿ ನಡೆದು ಸುಮಾರು ೮೦೦ ಟನ್ ಚಿನ್ನವನ್ನು ಕೊಟ್ಟಿತು. ಬಾವಿಗಳು ಮೂರು ಸಾವಿರ ಮೀಟರನ್ನು ಮೀರಿದ ಆಳಕ್ಕಿಳಿದವು. ಆಳವಾದಷ್ಟೂ ಬಂಡೆಯ ಒತ್ತಡ ಹೆಚ್ಚುತ್ತದೆ, ಬಂಡೆ ಸಿಡಿದು ಕಾರ್ಮಿಕರು ಮಡಿಯುತ್ತಾರೆ, ತೆಗೆದ ಕಲ್ಲಿನಲ್ಲಿ ಚಿನ್ನದ ಅಂಶ ಇಳಿಯುತ್ತದೆ, ಖರ್ಚು ಏರುತ್ತದೆ. ಈ ಗಣಿ ಒಂದು ದಿನ ಮುಗಿಯತಕ್ಕದ್ದೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಅಕ್ಷಯಪಾತ್ರೆಯು ಪುರಾಣದಲ್ಲಿದೆಯೇ ಹೊರತು ಭೂಗರ್ಭದಲ್ಲಿಲ್ಲ. ಆದರೂ ಕೊನೆಯನ್ನು ಕುರಿತ ಆಲೋಚನೆ ಎಲ್ಲಿಯೂ ಮುಖ್ಯವಾಗಿ ಕಾಣುವುದಿಲ್ಲ. ೧೯೫೬ರ ನವೆಂಬರಿನಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ರಾಷ್ಟ್ರೀಕರಿಸಿತು. ೧೯೬೨ರಲ್ಲಿ ಅವು ಕೇಂದ್ರಸರ್ಕಾರಕ್ಕೆ ಹೋದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾಯಿತು. ೧೯೯೨ರಲ್ಲಿ ರೋಗಗ್ರಸ್ತ ಉದ್ದಿಮೆಗಳ ಮಂಡಲಿಯ ಮುಂದೆ ಹೋಯಿತು. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಪ್ರತಿಯೊಂದು ಹೊಸ್ತಿಲಿನಲ್ಲಿಯೂ ಕೇಳಿದ ಪ್ರಶ್ನೆ, ಗಣಿಯ ಒಡೆಯರು ಯಾರು ಎಂಬುದು. ಗಣಿ ನಿಂತ ಮರುದಿನ ಈ ಊರು ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಸರದಿಯೇ ಬರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಏನೂ ಆಗಲಿಲ್ಲವೆಂದಲ್ಲ. ೧೯೬೪ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯು ಇಲ್ಲಿಗೆ ಬಂದು, ನೆಲವನ್ನು ಅಗೆಯುವುದರ ಬದಲು ಅಗೆಯುವ ಯಂತ್ರಗಳನ್ನು ಮಾಡುವ ಕೆಲಸವನ್ನು ಅನೇಕ ಮನೆಗಳಿಗೆ ಕೊಟ್ಟಿತು. ಬಂಡೆಯ ಸಿಡಿತವನ್ನು ತಲೆಮಾರುಗಟ್ಟಲೆ ಕಂಡ ಊರಿನಲ್ಲಿ ೧೯೮೮ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಇವು ಒಳ್ಳೆಯ ಕಾರ್ಯಗಳು. ಆದರೆ ಗಣಿಯ ಕೊನೆಯೊಡನೆ ಇವನ್ನು ಒಂದೇ ನೊಗಕ್ಕೆ ಹೂಡುವ ಆಲೋಚನೆಯಿರಲಿಲ್ಲ. ಆದಕಾರಣವೇ ಒಂದು ದಿನ ಸಾವಿರಾರು ಸಂಸಾರಗಳ ಒಲೆ ಒಟ್ಟಿಗೆ ತಣ್ಣಗಾಯಿತು. ನೀರನ್ನೆತ್ತುವ ಯಂತ್ರಗಳು ನಿಂತವು. ಬಾವಿಗಳು ತಮ್ಮ ಪಾಡಿಗೆ ತುಂಬಿದವು. ಬೆಳಗಿನ ಜಾವದಲ್ಲಿ ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳು ಅಂದಿನಿಂದ ಈ ಊರಿನ ಎರಡನೆಯ ಗಣಿಯಾದವು. ನಮ್ಮ ಹಳೆಯ ವಿದ್ಯಾರ್ಥಿಗಳೆಷ್ಟೋ ಮಂದಿ ಅದೇ ಗಾಡಿಯಲ್ಲಿ ನಿಂತು ಪ್ರಯಾಣ ಮಾಡಿ ಮಕ್ಕಳನ್ನು ಓದಿಸಿದವರು. ಗಣಿಯ ಕಾರ್ಯವು ಸಿದ್ಧಿಸಿತೇ ಎಂದು ಅವರನ್ನು ಕೇಳಿದರೆ, ಲಂಡನ್ನಿನ ಪಾಲುದಾರನು ಹೇಳುತ್ತಿದ್ದ ಉತ್ತರವನ್ನು ಅವರು ಹೇಳಲಾರರು. ಸಿದ್ಧಿ ಯಾರಿಗೆ ಎಂಬುದನ್ನೂ ಮೊದಲೇ ಬರೆದಿಡಬೇಕಾದ ಅಗತ್ಯ ಇಲ್ಲಿಯೇ.

ಉಳಿದಿರುವುದು ಮಣ್ಣಿನ ಗುಡ್ಡಗಳು. ಕಲ್ಲನ್ನು ಕುಟ್ಟಿ, ಸಯನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ಒಟ್ಟುತ್ತ ಬಂದು ಹದಿಮೂರು ಗುಡ್ಡಗಳಾಗಿವೆ. ಮೂರು ಕೋಟಿ ಟನ್ನಿಗೂ ಮಿಕ್ಕ ಈ ರಾಶಿಗಳು ಸಾವಿರ ಎಕರೆಯಷ್ಟು ನೆಲವನ್ನು ಆಕ್ರಮಿಸಿವೆ. ಗಾಳಿಯ ಕಾಲದಲ್ಲಿ ಬಿಳಿಯ ಧೂಳೆದ್ದು ಕಣ್ಣು ಬಾಯಿಗಳಿಗೆ ಹೊಕ್ಕುವುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಈ ಪುಡಿಯಲ್ಲಿ ಇನ್ನೂ ಅಳಿದುಳಿದ ಚಿನ್ನವಿದೆ. ಅದನ್ನು ತೆಗೆಯಲು ಕೇಂದ್ರವು ಮುಂದಿಟ್ಟ ಸಲಹೆಗೆ ಕರ್ನಾಟಕದ ಸಚಿವ ಸಂಪುಟವು ೨೦೨೪ರ ಜೂ‌ನಿನಲ್ಲಿ ಒಪ್ಪಿಗೆಯಿತ್ತಿತು. 

ಅಂತೂ ಇನ್ನೊಂದು ಕಾರ್ಯಕ್ಕೆ ನೊಗ ಸಿದ್ಧವಾಗುತ್ತಿದೆ. ಆರಂಭದ ಉಪಾಯವನ್ನೂ ದ್ರವ್ಯವನ್ನೂ ಚಿನ್ನದ ಬೆಲೆಯೇ ಒದಗಿಸೀತು. ಧೂಳಿಗೆ ಪ್ರತೀಕಾರವೇನು, ಗುಡ್ಡಗಳು ಕರಗಿದ ಮೇಲೆ ಬಯಲಾಗುವ ಆ ಸಾವಿರ ಎಕರೆಯಲ್ಲಿ ಏನು ನಿಲ್ಲತಕ್ಕದ್ದು, ಅದು ಯಾರ ಹೆಸರಿಗೆ ಸೇರತಕ್ಕದ್ದು ಎಂಬುದನ್ನು ಮೊದಲ ಗುದ್ದಲಿಗೆ ಮುನ್ನ ಬರೆದು ಊರಿನವರ ಮುಂದೆ ಓದಿ ಹೇಳಬೇಕೆಂದು ಕೇಳುವ ಹಕ್ಕು ಗಣಿಯ ಮಕ್ಕಳಿಗಿದೆ. ಈ ಸಂಚಿಕೆಯನ್ನು ಓದುವವರಲ್ಲಿ ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ, ಪುರಸಭೆಯ ಸದಸ್ಯರಾಗಿದ್ದವರೂ ಇದ್ದಾರೆ. ಕರಾರಿನ ಕಾಗದವನ್ನು ಓದಬಲ್ಲವರು ಅವರೇ.